ಮ್ಯಾನೇಜರ್ ತೋಡಿದ ಕುಣಿ

ನಾನು ಚಿಕ್ಕವನಿದ್ದಾಗ ಒಬ್ಬ ದೊಡ್ಡ ಮನುಷ್ಯನ ಕೈಯಿಂದ ಸತ್ತ ಒಂದು ಕೋಳಿಯನ್ನು ಹೂಳಲು ಕುಣಿ ತೋಡಿಸಿದ್ದೆ. ಸೇಡು ಕೆಟ್ಟದ್ದು ಎಂದು ನಿಮ್ಮ ಪುಸ್ತಕಗಳಲ್ಲಿ ಬರೆದಿರುತ್ತದೆ. ಇರಲಿ. ಮಕ್ಕಳೇ, ಮೊದಲು ನಡೆದದ್ದನ್ನು ಕೇಳಿ, ಆಮೇಲೆ ಬೇಕಾದರೆ ನನ್ನ ಜೊತೆ ವಾದಕ್ಕೆ ಬನ್ನಿ.

ಆಗ ನಮ್ಮ ಮನೆ ಭಾಲ್ಕಿಯಲ್ಲಿತ್ತು. ಕುರಿ ಹಿಂಡು ಹೊಡೆದುಕೊಂಡು ಡಾಬಕಾ ಕಡೆ ಹೋದ ಅಪ್ಪ ಎಷ್ಟೋ ದಿನ ಮನೆಗೆ ಬರುತ್ತಿರಲಿಲ್ಲ. ಅವ್ವ ಮತ್ತು ಅಕ್ಕ ಊರಂಚಿನ ತೊಗರಿ ಬೇಳೆಯ ಮಿಲ್ಲಿಗೆ ಹೋಗುತ್ತಿದ್ದರು. ಅಲ್ಲಿ ಹೆಂಗಸರೆಲ್ಲ ದೊಡ್ಡ ಅಂಗಳದಲ್ಲಿ ಕುಳಿತು, ಮರದಲ್ಲಿ, ಅಂದರೆ ಬಿದಿರಿನ ಮೊರದಲ್ಲಿ, ಬೇಳೆ ಕೇರಿ ಹಸನು ಮಾಡುತ್ತಿದ್ದರು. ಸಂಜೆ ಮನೆಗೆ ಬಂದ ಅವ್ವನ ಸೀರೆಯಿಂದ ಬೇಳೆಗೆ ಸವರಿದ ಎಣ್ಣೆಯ ವಾಸನೆ ಬರುತ್ತಿತ್ತು, ರೆಪ್ಪೆಯ ಮೇಲೆಲ್ಲ ಹಳದಿ ಹುಡಿ ಕೂತಿರುತ್ತಿತ್ತು.

ಆ ಮಿಲ್ಲಿನಲ್ಲಿ ಒಂದು ಹಳೆಯ ಪದ್ಧತಿ ಇತ್ತು. ಮರದಲ್ಲಿ ಉಳಿದದ್ದು ಸಾಹುಕಾರನದು, ಕೇರುವಾಗ ನೆಲಕ್ಕೆ ಬಿದ್ದ ನುಚ್ಚು ಹೆಂಗಸರದು. ಸಂಜೆ ಅದನ್ನು ಗುಡಿಸಿ, ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಎಲ್ಲರೆದುರೇ ಹೊರಗೆ ಬರುತ್ತಿದ್ದರು. ಅದು ಕಳವಲ್ಲ, ಹಕ್ಕು. ನಮ್ಮ ರಾತ್ರಿಯ ಬೇಳೆ ಅದೇ. ಅಡಿಗೆಗೆ ಮೊದಲು ಅವ್ವ ನುಚ್ಚು ಕೇರಿದರೆ ಉದುರುವ ಹೊಟ್ಟು, ಹುಡಿ ಎಲ್ಲ ನನ್ನ ಕೋಳಿ ಚುಕ್ಕಿಗೆ. ಔರಾದ ಸಂತೆಯಿಂದ ಅಪ್ಪ ಅದನ್ನು ಕಂಬಳಿಯೊಳಗೆ ಸುತ್ತಿ ತಂದಿದ್ದ. ಮೈಯೆಲ್ಲ ಕಪ್ಪು, ಕುತ್ತಿಗೆಯಲ್ಲಿ ಮಾತ್ರ ಒಂದು ಬಿಳಿ ಚುಕ್ಕೆ. ನಾನು ಕೂತರೆ ಬಂದು ತೊಡೆಯ ಮೇಲೆ ಕೂರುತ್ತಿತ್ತು.

ಒಂದು ದಿನ ಬೀದರಿನಿಂದ ಹೊಸ ಮ್ಯಾನೇಜರ್ ಬಂದರು. ಕೋಟು ಹಾಕಿದ ಮನುಷ್ಯ. ಸಂಜೆ ಗೇಟಿನಲ್ಲಿ ನಿಂತು, ಇವತ್ತಿನಿಂದ ನೆಲದ ನುಚ್ಚು ಯಾರೂ ಒಯ್ಯಬಾರದು, ಗೇಟಿನಲ್ಲಿ ಎಲ್ಲರೂ ಸೆರಗು ಝಾಡಿಸಿ ಹೋಗಬೇಕು ಎಂದರು.

"ಯಾಕ್ರಿ ಸಾಹೇಬ್ರ?" ಎಂದಳಂತೆ ಅವ್ವ.

"ಹುಕುಂ ಅಂದ್ರ ಹುಕುಂ. ಯಾಕ ಗೀಕ ಏನೂ ಕೇಳಬ್ಯಾಡ್ರಿ."

ಯಾಕೆ ಎಂದು ಹೇಳದಿದ್ದರೆ ಕೇಳಿದವರು ತಾವೇ ಒಂದು ಕಾರಣ ಹುಡುಕಿಕೊಳ್ಳುತ್ತಾರೆ. ಹೆಂಗಸರಿಗೆ ಹೊಳೆದ ಕಾರಣ ಒಂದೇ: ಈ ಕೋಟಿನವನು ನಮ್ಮನ್ನು ಕಳ್ಳರು ಅನ್ನುತ್ತಿದ್ದಾನೆ. ಅವ್ವನ ಮಾನಕ್ಕೆ ಯಾರೂ ಹಾಗೆ ಕೈ ಹಾಕಿರಲಿಲ್ಲ. ಕಳ್ಳರು ಅಂದನಲ್ಲ, ಹಾಗಾದರೆ ಕದ್ದೇ ತೋರಿಸೋಣ ಎಂದು ಎಲ್ಲರೂ ನುಚ್ಚನ್ನು ಬುತ್ತಿಯ ಬಟ್ಟೆಯಲ್ಲಿ ಮುಚ್ಚಿಟ್ಟರು. ಆಮೇಲೆ ಗೇಟಿನಲ್ಲಿ ನಿಂತು ಸೆರಗನ್ನು ಎಷ್ಟು ಜೋರಾಗಿ ಝಾಡಿಸಿದರೆಂದರೆ ಮ್ಯಾನೇಜರ್ ಕೆಮ್ಮುತ್ತ ಒಳಗೆ ಓಡಿದರು. ಮನೆಗೆ ಬಂದ ಅಕ್ಕ ಆ ಕೆಮ್ಮನ್ನು ಆಡಿ ತೋರಿಸಿದಳು. ನಾನು ನೆಲದ ಮೇಲೆ ಬಿದ್ದು ಹೊರಳಾಡಿ ನಕ್ಕೆ.

ಅವತ್ತಿನ ನುಚ್ಚಿಗೆ ಏನೋ ಕಟುವಾದ ವಾಸನೆ ಇತ್ತು. ಮಿಲ್ಲಿನ ಎಣ್ಣೆಯದು ಎಂದುಕೊಂಡೆವು. ಅವ್ವ ಕೇರಿ, ಹುಡಿಯನ್ನು ಚುಕ್ಕಿಗೆ ಚೆಲ್ಲಿ, ನುಚ್ಚು ತೊಳೆದು ಒಲೆಯ ಮೇಲಿಟ್ಟಳು. ಬೇಳೆ ಕುದಿಯುತ್ತಿತ್ತು, ನಾನು ರೊಟ್ಟಿ ಮುರಿದುಕೊಂಡು ತಟ್ಟೆಯ ಮುಂದೆ ಕೂತಿದ್ದೆ. ಹೊರಗೆ ಚುಕ್ಕಿ ಒಂದು ತರಹ ಕೂಗಿತು. ಓಡಿ ಹೋದೆ. ಕುಡಿದವರ ಹಾಗೆ ತೂಗಾಡುತ್ತ ಸುತ್ತು ಹೊಡೆದು, ರೆಕ್ಕೆ ಬಡಿದು ಬಿದ್ದುಬಿಟ್ಟಿತು. ಎತ್ತಿ ತೊಡೆಯ ಮೇಲೆ ಇಟ್ಟುಕೊಂಡೆ. ಮೈ ಇನ್ನೂ ಬೆಚ್ಚಗಿತ್ತು.

ಬಾಗಿಲಿಗೆ ಬಂದ ಅವ್ವ ಒಮ್ಮೆ ಕೋಳಿಯನ್ನು, ಒಮ್ಮೆ ಒಳಗೆ ಬೇಳೆಗೆ ಕಾದಿದ್ದ ನನ್ನ ತಟ್ಟೆಯನ್ನು ನೋಡಿದಳು. ಒಳಗೆ ಹೋಗಿ ಕುದಿಯುವ ಗಡಿಗೆಯನ್ನು ಹಾಗೇ ಎತ್ತಿ ಬೂದಿಗೆ ಸುರಿದಳು. ಅಕ್ಕ ಉಳಿದ ಹೆಂಗಸರ ಮನೆಗಳಿಗೆ ಓಡಿದಳು. ದೇವರು ದೊಡ್ಡವನು, ಯಾರ ಮನೆಯಲ್ಲೂ ಇನ್ನೂ ಉಂಡಿರಲಿಲ್ಲ. ನಾವು ಒಣ ರೊಟ್ಟಿಗೆ ಉಪ್ಪು ಹಚ್ಚಿ ತಿಂದು ಮಲಗಿದೆವು. ನಾನು ಅಳಲಿಲ್ಲ. ಆ ಮನುಷ್ಯನನ್ನು ಬಿಡಬಾರದು ಎಂದಷ್ಟೇ ಯೋಚಿಸುತ್ತಿದ್ದೆ.

ಬೆಳಿಗ್ಗೆ ಅವ್ವ ಚುಕ್ಕಿಯನ್ನು ಮರದಲ್ಲಿ ಮಲಗಿಸಿ ತಲೆಯ ಮೇಲೆ ಹೊತ್ತಳು. ನಾನು ಹಟ ಹಿಡಿದು ಜೊತೆಗೆ ಹೋದೆ. ಹಿಂದೆ ಎಲ್ಲ ಹೆಂಗಸರು. ಮರವನ್ನು ಸೀದಾ ಮ್ಯಾನೇಜರ್ ಮೇಜಿನ ಮೇಲೆ ಇಟ್ಟಳು.

"ಏನವ್ವಾ ಇದು?"

"ನಿಮ್ಮ ಹುಕುಂ ರೀ. ಕಣ್ಣ ತುಂಬ ನೋಡ್ಕೋರಿ."

ಅವರ ಮುಖ ಬಿಳಿಚಿಕೊಂಡಿತು. "ಗೋದಾಮಿನ್ಯಾಗ ಹುಳ ಬಿದ್ದಿತ್ತು. ಅಂಗಳದ ನೆಲಕ್ಕೂ, ಚೀಲದ ಸಂದ್ಯಾಗೂ ವಿಷದ ಪುಡಿ ಹೊಡಿಸೀನಿ. ನೆಲದ್ದು ಒಯ್ಯಬ್ಯಾಡ್ರಿ, ಝಾಡಿಸ್ರಿ ಅಂದದ್ದು ಅದಕ್ಕ! ನಿಮ್ಮ ಮಕ್ಕಳ ಸಲುವಾಗಿ!"

"ಇಷ್ಟು ಮಾತು ನಿನ್ನಿ ಹೇಳಿದ್ರ ನಿಮ್ಮ ನಾಲಿಗಿ ಸವೀತಿತ್ತೇನ್ರಿ?"

"ಹೇಳಿದ್ರ ನಿಮಗ ತಿಳೀತಿತ್ತೇನು?"

"ಹೇಳದೇ ಬಿಟ್ರಿ. ಈಗ ತಿಳೀತಲ್ರಿ, ಕೋಳಿ ಬಂದು ತಿಳಿಸ್ತು."

ಹೆಂಗಸರೆಲ್ಲ ಮರ ಹಿಡಿದು ಅಂಗಳದಲ್ಲಿ ಕುಳಿತರು. ಯಾರೂ ಕಾಳು ಮುಟ್ಟಲಿಲ್ಲ. ಕೆಲಸ ಮಾಡ್ರಿ ಎಂದರೆ ಎಲ್ಲರೂ ಒಂದೇ ದನಿಯಲ್ಲಿ "ಯಾಕ್ರಿ?" ಆ ಕಡೆ ಸರೀರಿ ಎಂದರೆ "ಯಾಕ್ರಿ?" ಗದ್ದಲ ಮಾಡಬ್ಯಾಡ್ರಿ ಎಂದರೂ "ಯಾಕ್ರಿ?" ಬಿಸಿಲು ಏರಿತು. ಕೋಟಿನೊಳಗೆ ಮನುಷ್ಯ ಬೆವೆತುಹೋದರು.

ಆಗ ನಾನು ಅವರ ಮುಂದೆ ಹೋಗಿ ನಿಂತೆ. "ಚುಕ್ಕಿಗೆ ಕುಣಿ ನೀವ ತೋಡ್ರಿ."

"ನಾನಾ? ಯಾಕ?"

ಅಂಗಳಕ್ಕೆ ಅಂಗಳವೇ ನಕ್ಕಿತು. "ಅಯ್ಯ, ಸಾಹೇಬ್ರಿಗೂ ಯಾಕ ಅಂತ ಕೇಳಾಕ ಬರ್ತದಲ್ಲ!" ಎಂದಳು ಅವ್ವ.

"ನೀವು ಹೇಳದೇ ಇದ್ದದ್ದಕ್ಕ ಅದು ಸತ್ತದ, ಅದಕ್ಕ" ಎಂದೆ.

ಅವರು ಗೇಟಿನ ಕಡೆ ನಡೆದರು. ಕೋಟು ಬಿಚ್ಚಿ ಗೇಟಿನ ಸರಳಿಗೆ ಸಿಗಿಸಿದರು. ಬಿಚ್ಚುವಾಗ ಅದರಿಂದಲೂ ಬಿಳಿ ಪುಡಿ ಹೊಗೆಯ ಹಾಗೆ ಎದ್ದಿತು. "ನಿಮ್ಮ ಮನ್ಯಾಗೂ ಮಕ್ಕಳು ಅದಾರಲ್ರಿ?" ಎಂದು ಅಕ್ಕ ಮೆಲ್ಲಗೆ ಕೇಳಿದಳು.  ಅವರು ಗುದ್ದಲಿ ತೆಗೆದುಕೊಂಡು, ಗೇಟಿನ ಪಕ್ಕದ ಗಟ್ಟಿ ನೆಲದಲ್ಲಿ ಅಗೆಯತೊಡಗಿದರು. ಆ ಗುದ್ದಲಿಯ ಒಂದೊಂದು ಸದ್ದೂ ನನಗೆ ಬೆಲ್ಲದಂತೆ ರುಚಿಸಿತು. ಸುಳ್ಳು ಯಾಕೆ ಹೇಳಲಿ?

ಅವತ್ತು ಸಂಜೆ ಅದೇ ಗೇಟಿನಲ್ಲಿ ಅವರು ಮೊದಲು ತಮ್ಮ ಕೋಟು ಝಾಡಿಸಿದರು. ಪುಡಿ ಯಾವುದು, ಅದು ಹೊಟ್ಟೆಗೆ ಹೋದರೆ ಏನಾಗುತ್ತದೆ, ಎಷ್ಟು ದಿನ ಎಚ್ಚರ ಬೇಕು ಎಂದೆಲ್ಲ ಬಿಡಿಸಿ ಹೇಳಿದರು. ನೆಲದ ನುಚ್ಚಿನ ಬದಲು ಮರದಲ್ಲಿನ ನುಚ್ಚು ಒಯ್ಯಿರಿ ಎಂದರು. ಹೆಂಗಸರು ಸೆರಗು ಝಾಡಿಸಿದ್ದಷ್ಟೇ ಅಲ್ಲ, ಯಾರೂ ಹೇಳದಿದ್ದರೂ ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡು ಹೊರಟರು. ನಿನ್ನೆ ಬೈಗುಳವಾಗಿದ್ದ ಮಾತೇ ಇವತ್ತು ಬುದ್ಧಿಮಾತಾಗಿತ್ತು.

ಮ್ಯಾನೇಜರ್ ಹೇಳಿದ್ದು ಸರಿಯೇ ಇತ್ತಲ್ಲ, ಮೀರಿದ್ದು ನಿಮ್ಮವ್ವ ಅಲ್ಲವೇ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಅವರ ಮಾತು ಸರಿಯಿತ್ತು, ಒಪ್ಪುತ್ತೇನೆ. ಆದರೆ ಆ ಸರಿಯನ್ನು ಅವರು ಕೋಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಜೇಬಿನಲ್ಲಿದ್ದ ಸರಿಯನ್ನು ಅವ್ವ ಹೇಗೆ ನೋಡಬೇಕಿತ್ತು? ಆಮೇಲೆ ಅವರು ನಮ್ಮನ್ನು ಕಂಡಾಗಲೆಲ್ಲ ನಿಂತು ಮಾತಾಡಿಸುತ್ತಿದ್ದರು. ಅವ್ವ ಅವರನ್ನು ಕ್ಷಮಿಸಿದಳು. ನಾನು ಮಾತ್ರ ಇನ್ನೂ ಕ್ಷಮಿಸಿಲ್ಲ.

ಈಗ ನೀವು ನೌಬಾದದ ಈ ಮನೆಯಲ್ಲಿ ಬೆಳೆಯುತ್ತಿದ್ದೀರಿ. ಬೇಳೆ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ, ಯಾರು ಕೇರಿದರೋ ಗೊತ್ತಿಲ್ಲ. ಸಾಲೆಯ ಹೊಸ ನಿಯಮ ನಿಮ್ಮ ಅಪ್ಪನ ಮೊಬೈಲಿಗೆ ಬರುತ್ತದೆ, ಒಪ್ಪಿದೆ ಎನ್ನುವ ಹೆಬ್ಬೆರಳಿನ ಚಿತ್ರ ಒತ್ತಿದರೆ ಮುಗಿಯಿತು. ನಮ್ಮವ್ವನಿಗೆ ಓದು ಬರುತ್ತಿರಲಿಲ್ಲ, ಆದರೂ ಕೇಳದೆ ಅವಳು ಹೆಬ್ಬೆರಳು ಒತ್ತುತ್ತಿರಲಿಲ್ಲ.

ಮೊನ್ನೆ ಮಾಳಿಗೆ ಹತ್ತಬೇಡಿ ಎಂದು ನಾನು ಕುರ್ಚಿಯಲ್ಲಿ ಕೂತೇ ಗದರಿದೆ. ನಿಮ್ಮಲ್ಲಿ ಚಿಕ್ಕವಳು ಸೊಂಟದ ಮೇಲೆ ಕೈ ಇಟ್ಟು "ಯಾಕ ಅಜ್ಜಾ?" ಎಂದಳು. ಹೇಳಿದಷ್ಟು ಕೇಳು ಎಂಬ ಮಾತು ತುಟಿಯವರೆಗೆ ಬಂದಿತ್ತು. ನುಂಗಿಕೊಂಡೆ. ಕೋಲು ಊರಿ ಎದ್ದು, ನಿಮ್ಮನ್ನೆಲ್ಲ ಮೇಲೆ ಕರೆದೊಯ್ದು, ಅಂಚಿನ ಬಿರುಕು ಬಿಟ್ಟ ಕಟ್ಟೆಗೋಡೆಯನ್ನು ಕೈಯಿಂದ ಅಲುಗಿಸಿ ತೋರಿಸಿದೆ. ಮೊಣಕಾಲು ಇನ್ನೂ ನೋಯುತ್ತಿದೆ. ಆದರೆ ಕುಣಿ ತೋಡುವುದಕ್ಕಿಂತ ಮೆಟ್ಟಿಲು ಹತ್ತುವುದು ಸುಲಭ.