ಈಶಾನ್ಯಕ್ಕೆ ಎರಡಿಂಚು

ಕರಬಸಪ್ಪನ ಕೈಯಲ್ಲಿ ರಸಮಟ್ಟ ಇತ್ತೆಂದರೆ ಅವನೊಡನೆ ಯಾರೂ ವಾದಕ್ಕೆ ಇಳಿಯುತ್ತಿರಲಿಲ್ಲ. ಗದಗಿನ ಕಡೆಯ ಈ ಎಂಜಿನಿಯರು ಊರಿನಲ್ಲಿದ್ದಾಗ ಹತ್ತು ವರ್ಷ ಕಾಲುವೆಗಳ ಮಟ್ಟ ತೆಗೆದವನು. ತೊಂಬತ್ತೊಂದರಲ್ಲಿ ಅಮೆರಿಕಕ್ಕೆ ಬಂದ ಮೇಲೂ ಅದೇ ಕಸುಬು, ಕಾಲುವೆಯ ಬದಲು ಹೆದ್ದಾರಿ. ಅಟ್ಲಾಂಟಾದ ಸುತ್ತ ಎರಡು ವರ್ಷ, ಗ್ರೀನ್‌ವಿಲ್ ಕಡೆ ಎಂಟು ತಿಂಗಳು, ಮತ್ತೆ ಅಟ್ಲಾಂಟಾ. ರಸ್ತೆ ಹೋದಲ್ಲಿಗೆ ಅವನೂ ಹೋಗಬೇಕು. ಆರಾರು ತಿಂಗಳಿಗೆ ಮನೆ ಹುಡುಕಿ ಸಾಕಾಗಿ, ಕೆಲಸದಿಂದ ನಿವೃತ್ತನಾದ ಒಬ್ಬ ಮೇಸ್ತ್ರಿಯಿಂದ ಹಳೆಯ ಟ್ರೇಲರ್ ಕೊಂಡ. ಪಿಕಪ್ ಗಾಡಿಯ ಹಿಂದೆ ಕಟ್ಟಿ ಎಳೆದೊಯ್ಯುವ ಚಕ್ರದ ಮನೆ ಅದು. ಎಪ್ಪತ್ಮೂರನೆಯ ಇಸವಿಯದು, ಏಸಿ ಕೆಟ್ಟು ಎಷ್ಟು ವರ್ಷವಾಗಿತ್ತೋ ದೇವರೇ ಬಲ್ಲ. ಒಳಗೆ ಒಂದು ಮಂಚ, ಎರಡು ಒಲೆ, ಗ್ಯಾಸಿನಿಂದ ನಡೆಯುವ ಪುಟ್ಟ ಫ್ರಿಜ್ ಇದ್ದವು. ಗಂಡ ಹೆಂಡತಿ ಇಬ್ಬರಿಗೆ ಸಾಕಾಗುತ್ತಿತ್ತು.

ಇಬ್ಬರೇ ಇದ್ದದ್ದು. ಹೆಂಡತಿ ನೀಲಗಂಗಾಳಿಗೆ ಹತ್ತೊಂಬತ್ತನೆಯ ವಯಸ್ಸಿನಿಂದ ಸಕ್ಕರೆ ಕಾಯಿಲೆ. ಬೆಳಗ್ಗೆ ಒಂದು, ಸಂಜೆ ಒಂದು ಇನ್ಸುಲಿನ್ ಚುಚ್ಚಿಕೊಂಡರೆ ಆ ದಿನ ನಡೆಯಿತು, ಇಲ್ಲವೆಂದರೆ ಇಲ್ಲ. ಎರಡು ಸಲ ಬಸಿರಾದಳು, ಎರಡೂ ನಿಲ್ಲಲಿಲ್ಲ. ಅದರ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಅವಳದು ಚುರುಕು ನಾಲಿಗೆ, ನಗುವ ಬಾಯಿ. ಆ ಇಕ್ಕಟ್ಟಿನಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ಟ್ರೇಲರುಗಳು ಸಾಲಾಗಿ ನಿಲ್ಲುವ ಕ್ಯಾಂಪಿನ ಅಮೆರಿಕನ್ನರು ಕಿಟಕಿಯಿಂದ ಇಣುಕುತ್ತಿದ್ದರು, ಇವಳು ಅವರ ಕೈಗೂ ಒಂದೊಂದು ರೊಟ್ಟಿ ಕೊಟ್ಟು ಕಳಿಸುತ್ತಿದ್ದಳು.

ಹೊಸ ಜಾಗಕ್ಕೆ ಹೋದಾಗಲೆಲ್ಲ ಟ್ರೇಲರ್ ನಿಲ್ಲಿಸುವುದು ಕರಬಸಪ್ಪನಿಗೆ ಪೂಜೆಯಷ್ಟೇ ಮುಖ್ಯ. ತಗ್ಗಿನ ಬದಿಯ ಗಾಲಿಗಳ ಕೆಳಗೆ ಹಲಗೆ ಕೊಡುವುದು, ಗಾಲಿಗಳಿಗೆ ಅಡ್ಡಗಟ್ಟೆ ಇಡುವುದು, ಪಿಕಪ್ಪಿನಿಂದ ಬಿಡಿಸಿ ಮುಂದಿನ ಜಾಕ್ ತಿರುಗಿಸಿ ಮೂತಿಯನ್ನು ಮೇಲೆ ಕೆಳಗೆ ಮಾಡುವುದು, ಕೊನೆಗೆ ನಾಲ್ಕು ಮೂಲೆಗೂ ಕಾಲು ಇಳಿಸುವುದು. ಬೇರೆಯವರು ಹತ್ತು ನಿಮಿಷದಲ್ಲಿ ಮುಗಿಸಿ ಬಿಯರ್ ಡಬ್ಬಿ ತೆರೆಯುತ್ತಿದ್ದರು. ಇವನಿಗೆ ಒಂದು ಗಂಟೆ. ರಸಮಟ್ಟದ ಗುಳ್ಳೆ ಎರಡು ಗೆರೆಗಳ ನಡುವೆ ಅಲುಗಾಡದೆ ನಿಂತ ಮೇಲೆಯೇ ಅವನು ಹೆಂಡತಿಯನ್ನು ಒಳಗೆ ಕರೆಯುತ್ತಿದ್ದದ್ದು.

ಇಂಥವನ ತಲೆಗೆ ಹುಳು ಬಿಟ್ಟವನು ಶೇಷಾದ್ರಿ. ಮೈಸೂರಿನವನು, ಕನ್ನಡ ಸಂಘದಲ್ಲಿ ಪರಿಚಯವಾದವನು, ಅಟ್ಲಾಂಟಾದ ಹತ್ತಿರದ ಕಮ್ಮಿಂಗಿನಲ್ಲಿ ಹೊಸ ಮನೆ ಕಟ್ಟಿಸಿಕೊಂಡಿದ್ದ ಸಾಫ್ಟ್‌ವೇರ್ ಮನುಷ್ಯ. ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಅವನ ಮಾತನ್ನು ಯಾರು ಕೇಳುತ್ತಿದ್ದರು? ಆಗ ವಾಸ್ತುವಿನ ಹುಚ್ಚು ಊರಿನಲ್ಲಿ ಮನೆಮನೆಯ ಗೋಡೆ ಒಡೆಸುತ್ತಿತ್ತು, ಸೂಟ್‌ಕೇಸಿನಲ್ಲಿ ಪುಸ್ತಕವಾಗಿ ಜಾರ್ಜಿಯಾಕ್ಕೂ ಬಂದಿಳಿದಿತ್ತು. ತೊಂಬತ್ತೈದರ ಮೇ ತಿಂಗಳಲ್ಲಿ, ಕರಬಸಪ್ಪ ಹೊಸ ರಸ್ತೆಯ ಕೆಲಸಕ್ಕೆ ಷಾರ್ಲೆಟ್ಟಿಗೆ ಹೊರಡುವ ಮುಂಚೆ, ಶೇಷಾದ್ರಿ ಅಟ್ಲಾಂಟಾದ ಕ್ಯಾಂಪಿಗೆ ನೋಡಲು ಬಂದ. ಟ್ರೇಲರನ್ನು ಸುತ್ತು ಹಾಕಿ ನೋಡಿ ನಾಲಿಗೆ ಲೊಚಗುಟ್ಟಿದ.

"ನೀವು ಹೀಗೆ ಮಟ್ಟ ಮಾಡಿರೋದೇ ತಪ್ಪು ಕರಬಸಪ್ಪನವರೇ. ಡೆಡ್ ಲೆವೆಲ್ ಇರೋ ಮನೆ ಆಗಿಬರಲ್ಲ. ನೈರುತ್ಯ ಎತ್ತರ ಇರಬೇಕು, ಈಶಾನ್ಯ ತಗ್ಗಿರಬೇಕು. ಇಲ್ಲದಿದ್ರೆ ಮನೆ ಹೆಂಗಸಿನ ಹೆಲ್ತ್ ನೆಟ್ಟಗಿರಲ್ಲ. ಸುಮ್ನೆ ಹೇಳ್ತಿಲ್ಲ, ಬುಕ್ಸ್ ತರಿಸಿ ಸ್ಟಡಿ ಮಾಡಿದೀನಿ."

ಕರಬಸಪ್ಪ ಬಿದ್ದು ಬಿದ್ದು ನಕ್ಕ. "ಗಾಲಿ ಮ್ಯಾಲಿನ ಮನಿಗೂ ವಾಸ್ತು ಐತೇನ್ರಿ ಸರ?"

"ನಗಬೇಡಿ. ನಿಮ್ಮ ಮನೆಯವರಿಗೋಸ್ಕರ ಹೇಳ್ತಿದೀನಿ."

ನಗು ಅಲ್ಲಿಗೆ ನಿಂತಿತು. ನೀಲಗಂಗಾ ಒಳಗೆ ಚಹಾ ಸೋಸುತ್ತಿದ್ದಳು, ಅವಳಿಗೆ ಕೇಳಿಸಲಿಲ್ಲ. ಕರಬಸಪ್ಪ ದೇವರನ್ನು ನಂಬುವಷ್ಟೂ ಈ ಶಾಸ್ತ್ರಗಳನ್ನು ನಂಬದವನು. ಆದರೆ ಹೆಂಡತಿಯ ತೋಳಿನಲ್ಲಿ, ತೊಡೆಯಲ್ಲಿ ಸೂಜಿಯ ಕಲೆಗಳನ್ನು ಹದಿಮೂರು ವರ್ಷ ನೋಡಿದ್ದವನು. ಒಂದು ಹಲಗೆ ತೆಗೆದರೆ ಹೋಗುವುದೇನು ಎಂಬ ಯೋಚನೆ ಬಂತು. ಬಂದದ್ದು ಹೋಗಲಿಲ್ಲ.

ಜೂನ್ ಮೊದಲ ವಾರ ಷಾರ್ಲೆಟ್ಟಿನ ದಕ್ಷಿಣಕ್ಕೆ, ಕೆರೆಯ ಪಕ್ಕದ ಒಂದು ಕ್ಯಾಂಪಿಗೆ ಬಂದರು. ಹೊರಡುವಾಗ ಅಟ್ಲಾಂಟಾದ ಬದರಿನಾಥ ಡಾಕ್ಟರು, ಹುಬ್ಬಳ್ಳಿಯವರು, ಮೂರು ತಿಂಗಳಿಗಾಗುವಷ್ಟು ಇನ್ಸುಲಿನ್ ಸೀಸೆಗಳನ್ನು ಕೊಟ್ಟು, "ತಂಪಿನ್ಯಾಗ ಇಡ್ರಿ, ಆದ್ರ ಐಸಿಗೆ ತಾಗಿಸಬ್ಯಾಡ್ರಿ, ಹೆಪ್ಪುಗಟ್ಟಿದ್ರ ಕೆಡ್ತೈತಿ" ಎಂದು ಎರಡೆರಡು ಸಲ ಹೇಳಿದ್ದರು. ಕರಬಸಪ್ಪ ಎಂದಿನಂತೆ ಒಂದು ಗಂಟೆ ಒದ್ದಾಡಿ ಗುಳ್ಳೆಯನ್ನು ನಡುವೆ ನಿಲ್ಲಿಸಿದ. ನೀಲಗಂಗಾ ಬಟ್ಟೆ ಎತ್ತಿಕೊಂಡು ಕ್ಯಾಂಪಿನ ಬಚ್ಚಲಮನೆಗೆ ಹೋದಳು. ಅವಳು ಮರೆಯಾದದ್ದೇ ತಡ, ಜಾಕ್ ಕೊಟ್ಟು ಉತ್ತರದ ಗಾಲಿಗಳ ಕೆಳಗಿನಿಂದ ಒಂದಿಂಚಿನ ಹಲಗೆ ಎಳೆದ. ಪೂರ್ವಕ್ಕಿದ್ದ ಮೂತಿಯನ್ನೂ ಅಷ್ಟೇ ಇಳಿಸಿದ. ಗುಳ್ಳೆ ನೈರುತ್ಯದ ಕಡೆ ಸರಿಯಿತು. ಗುಳ್ಳೆ ನಡುವೆ ಇಲ್ಲದ ಕೆಲಸವನ್ನು ಮುಗಿಯಿತೆಂದು ಬಿಟ್ಟೆದ್ದದ್ದು ಅವನು ಅದೇ ಮೊದಲು.

ಎರಡು ದಿನಕ್ಕೆ ನೀಲಗಂಗಾಳ ಕಣ್ಣಿಗೆ ಬಿತ್ತು.

"ಏನ್ರಿ, ನಿಮ್ಮ ರಸಮಟ್ಟಕ್ಕ ವಯಸ್ಸಾತೇನು? ಹಂಚಿಗೆ ಎಣ್ಣಿ ಹಾಕಿದ್ರ ಎಲ್ಲಾ ಒಂದ ಕಡೆ ಓಡತೈತಿ."

"ನೆಲ ಹಸಿ ಐತಿ, ಗಾಲಿ ಕುಸದಾವ. ಐತವಾರ ನೋಡ್ತೀನಿ ಬಿಡು."

ನಿಜ ಹೇಳಲಿಲ್ಲ. ಹೇಳಿದರೆ ಅವಳ ಕಾಯಿಲೆಗೆ ಮನೆಯನ್ನೇ ವಾಲಿಸಿದೆನೆಂದು ಹೇಳಬೇಕು, ಅವಳು ನೊಂದುಕೊಳ್ಳುತ್ತಾಳೆ. ಅದಕ್ಕಿಂತ ಹೆಚ್ಚಾಗಿ ನಗುತ್ತಾಳೆ. ಅವಳ ನಗುವಿಗೆ ಹೆದರಿ ಬಾಯಿ ಮುಚ್ಚಿಕೊಂಡ, ಮಹಾನುಭಾವ.

ಮೊದಲ ಎರಡು ವಾರ ಅವಳ ಸಕ್ಕರೆ ನೂರಮೂವತ್ತು ದಾಟಲಿಲ್ಲ. ಬಹಳ ದಿನದ ಮೇಲೆ ಅಷ್ಟು ಒಳ್ಳೆಯ ಅಂಕಿ ಕಂಡದ್ದು. ಕರಬಸಪ್ಪ ಮನಸ್ಸಿನಲ್ಲೇ ಶೇಷಾದ್ರಿಗೆ ಕೈಮುಗಿದ. ಐತವಾರಗಳು ಬಂದವು, ಹೋದವು, ಹಲಗೆ ತಿರುಗಿ ಗಾಲಿಯ ಕೆಳಗೆ ಹೋಗಲಿಲ್ಲ.

ಜುಲೈ ಬಿಸಿಲು ಹತ್ತಿತು. ಮಧ್ಯಾಹ್ನ ಟ್ರೇಲರಿನ ತಗಡು ಮುಟ್ಟಿದರೆ ಚುರುಕ್ಕೆನ್ನುತ್ತಿತ್ತು. "ಹಾಲು ಒಡದ್ವು ನೋಡ್ರಿ, ನಿನ್ನಿ ತಂದಿದ್ವು. ಫ್ರಿಜ್ ಥಂಡನ ಆಗವಲ್ದು" ಎಂದಳು ನೀಲಗಂಗಾ. ಅವನು ಬಗ್ಗಿ ನೋಡಿದ. ಗ್ಯಾಸಿನ ಉರಿ ನೀಲಿಯಾಗಿ ನೆಟ್ಟಗೆ ಉರಿಯುತ್ತಿತ್ತು. "ಬ್ಯಾಸಗಿ ಅಲ್ಲೇನ? ದಿನಕ್ಕ ಇಪ್ಪತ್ತ ಸಲ ಬಾಗಲಾ ತಗದ್ರ ಹೆಂಗ ಥಂಡ ಆಕ್ಕೈತಿ?" ಎಂದು ಅವಳ ಮೇಲೆಯೇ ಹಾಕಿ ಕೆಲಸಕ್ಕೆ ಹೋದ.

ತಿಂಗಳ ನಡುವೆ ಸಕ್ಕರೆ ಇನ್ನೂರನಲವತ್ತಕ್ಕೆ ಏರಿತು. ಕ್ಯಾಂಪಿನ ಆಫೀಸಿನ ಫೋನಿನಿಂದ ಬದರಿನಾಥ ಡಾಕ್ಟರಿಗೆ ಮಾತಾಡಿದ. ನಾಲ್ಕು ಯೂನಿಟ್ ಹೆಚ್ಚು ಮಾಡಿ ನೋಡೋಣ ಎಂದು, "ಔಷಧ ತಂಪಿನ್ಯಾಗ ಐತಿಲ್ರಿ?" ಎಂದು ಅವರು ಕೇಳಿದರು.

"ಫ್ರಿಜ್ಜಿನ್ಯಾಗ ಐತ್ರಿ ಸರ" ಎಂದ ಕರಬಸಪ್ಪ. ಅದು ನಿಜವೇ.

ಅಂದು ಸಂಜೆ ಅವನು ಲೆಕ್ಕ ಹಾಕಿದ. ಮೊದಲು ಗುಣ ಕಂಡಿತ್ತು, ಈಗ ಹೋಯಿತು. ಅಂದರೆ ಇಳಿಜಾರು ಸಾಲದು. ನೀಲಗಂಗಾ ಕೆರೆಯ ದಂಡೆಗೆ ಹೋಗಿದ್ದಾಗ ಜಾಕ್ ಕೊಟ್ಟು ಇನ್ನೂ ಒಂದಿಂಚಿನ ಹಲಗೆ ತೆಗೆದ, ಮೂತಿಯನ್ನು ಇನ್ನಷ್ಟು ಇಳಿಸಿದ. ಈಶಾನ್ಯ ಎರಡಿಂಚು ತಗ್ಗಾಯಿತು.

ಮರುದಿನದಿಂದ ಫ್ರಿಜ್ಜಿಗೂ ಕಪಾಟಿಗೂ ವ್ಯತ್ಯಾಸವಿರಲಿಲ್ಲ. ರಿಪೇರಿಯವನನ್ನು ಕರೆಯಲು ಕರಬಸಪ್ಪನಿಗೆ ಬಿಡುವಿಲ್ಲ. ಹೆದ್ದಾರಿಯ ಕೆಲಸ ಹಿಂದೆ ಬಿದ್ದು ದಿನಕ್ಕೆ ಹನ್ನೆರಡು ಗಂಟೆ ದುಡಿತ. ನೀಲಗಂಗಾ ತಾನೇ ಉಪಾಯ ಮಾಡಿದಳು. ಕ್ಯಾಂಪಿನ ಅಂಗಡಿಯಿಂದ ಐಸ್ ತಂದು ಬಕೀಟಿನಲ್ಲಿ ತುಂಬಿ ಹಾಲು, ಮೊಸರು, ತರಕಾರಿಯನ್ನು ಅದರಲ್ಲಿ ಇಟ್ಟಳು. ಸೀಸೆಗಳನ್ನು ಮಾತ್ರ ಫ್ರಿಜ್ಜಿನಲ್ಲೇ ಬಿಟ್ಟಳು. ಐಸಿಗೆ ತಾಗಿಸಬಾರದೆಂದು ಡಾಕ್ಟರು ಹೇಳಿದ್ದರಲ್ಲ. ಹೀಗೆ ಹಾಲು ತಣ್ಣಗಿತ್ತು, ಔಷಧ ಬೇಯುತ್ತಿತ್ತು.

ಅವಳು ಅನ್ನ ಬಿಟ್ಟಳು. ರೊಟ್ಟಿಯನ್ನು ಎರಡರಿಂದ ಒಂದಕ್ಕೆ ಇಳಿಸಿದಳು. ಯೂನಿಟ್ಟುಗಳನ್ನು ಏರಿಸುತ್ತ ಹೋದಳು. ಬಾಯಾರಿಕೆ ತೀರುತ್ತಿರಲಿಲ್ಲ, ಮೈ ಇಳಿದು ಸೀರೆಯ ನೆರಿಗೆಗಳು ದಿನದಿನಕ್ಕೆ ಹೆಚ್ಚಾಗುತ್ತಿದ್ದವು. ಆಗಸ್ಟ್ ಎರಡನೆಯ ವಾರ ಒಂದು ಸಂಜೆ ಕರಬಸಪ್ಪ ಬಂದಾಗ ಅವಳು ಮಂಚದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಓಡಿ ಬಂದವರಂತೆ ದೊಡ್ಡದಾಗಿ ಉಸಿರು ಎಳೆಯುತ್ತಿದ್ದಳು.

"ಹೊಟ್ಟಿ ಭಾಳ ನೋವಾಗತೈತ್ರಿ" ಎಂದಳು. "ನಾ ಏನೂ ತಿಂದಿಲ್ರಿ. ಖರೇನ ಏನೂ ತಿಂದಿಲ್ಲ."

ತಿಂದಿದ್ದಕ್ಕೆ ಗಂಡ ಬೈಯುತ್ತಾನೆಂದು ಹೇಳಿದ ಆ ಮಾತೇ ಅವಳ ಕಡೆಯ ಮಾತು. ಆಸ್ಪತ್ರೆಗೆ ತಲುಪುವಷ್ಟರಲ್ಲಿ ಪ್ರಜ್ಞೆ ಇರಲಿಲ್ಲ. ಅಲ್ಲಿನ ವೈದ್ಯೆ ಮನೆಯಲ್ಲಿದ್ದ ಇನ್ಸುಲಿನ್ ತರಿಸಿ, ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಗಾಜಿನ ಒಳಗೋಡೆಗೆ ಹಿಟ್ಟು ಮೆತ್ತಿದ ಹಾಗೆ ಗರಣೆ ಅಂಟಿತ್ತು. ಔಷಧ ಕೆಟ್ಟುಹೋಗಿದೆ, ಇದನ್ನು ಬಿಸಿಯಲ್ಲಿ ಇಟ್ಟಿದ್ದಿರಾ ಎಂದು ಕೇಳಿದಳು. ಇಲ್ಲ, ಫ್ರಿಜ್ಜಿನಲ್ಲಿತ್ತು ಎಂದ ಕರಬಸಪ್ಪ. ಮೂರನೆಯ ದಿನ ನೀಲಗಂಗಾ ಹೋದಳು. ಅವಳ ಕೊರಳಲ್ಲಿದ್ದ ಲಿಂಗವನ್ನು ನರ್ಸು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೇಲೆ ಹೆಸರು ಬರೆದು, ಅವನ ಕೈಗೆ ಕೊಟ್ಟಳು.

ಮಣ್ಣು ಮಾಡುವ ಮುಂಚೆ ಉಡಿಸಲು ಬೇಕಾದ ಹಸಿರು ಸೀರೆಯನ್ನು ತೆಗೆದುಕೊಳ್ಳಲು ಕರಬಸಪ್ಪ ಟ್ರೇಲರಿಗೆ ಬಂದಾಗ, ಪಕ್ಕದ ಟ್ರೇಲರಿನ ಮುದುಕಿ ಮಿಸೆಸ್ ಪಿಕೆಟ್ ತಾನಾಗಿ ಒಳಗೆ ಬಂದು ಕೊಳೆತ ತರಕಾರಿ ಬಾಚುತ್ತಿದ್ದಳು. ನೀಲಗಂಗಾಳ ರೊಟ್ಟಿ ತಿಂದವಳು ಅವಳು. ಅವಳ ತೀರಿಹೋದ ಗಂಡ ಟ್ರೇಲರ್ ರಿಪೇರಿ ಮಾಡುತ್ತಿದ್ದನಂತೆ. ಫ್ರಿಜ್ಜಿನ ಒಳಗೆ ಕೈಯಿಟ್ಟು ನೋಡಿದಳು, ನೆಲ ನೋಡಿದಳು. ಇಷ್ಟು ವಾಲಿಸಿದರೆ ಈ ಹಳೆಯ ಫ್ರಿಜ್ ಹೇಗಪ್ಪ ತಂಪಾಗುತ್ತದೆ, ನಿನಗೆ ಯಾರೂ ಹೇಳಲಿಲ್ಲವೇ ಎಂದಳು. ಇದರಲ್ಲಿ ಮೋಟಾರಿಲ್ಲ. ಹಿಂದೆ ಕೊಳವೆಗಳಿವೆ, ಅದರೊಳಗೆ ದ್ರವ ತಾನಾಗಿ ಇಳಿದು ಬರಬೇಕು. ಮಟ್ಟ ತಪ್ಪಿದರೆ ಅದು ನಿಂತಲ್ಲೇ ನಿಲ್ಲುತ್ತದೆ, ಉರಿ ಎಷ್ಟು ಉರಿದರೂ ಅಷ್ಟೇ.

ಇನ್ನೊಬ್ಬನಿಗಾಗಿದ್ದರೆ ಅದು ಅರ್ಥವಾಗದೆ ಹೋಗುತ್ತಿತ್ತೇನೋ. ಕರಬಸಪ್ಪನಿಗೆ ಮೊದಲ ಮಾತಿಗೇ ಅರ್ಥವಾಯಿತು. ಹತ್ತು ವರ್ಷ ಅವನು ನೋಡಿಕೊಂಡದ್ದು ಅದನ್ನೇ, ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು. ಅವನು ನೆಲದ ಮೇಲೆ ಕೂತ. ನಾನೇ ಕೊಂದೆ ಎಂದು ಕನ್ನಡದಲ್ಲಿ ಹೇಳಿದ. ಮುದುಕಿ ತಿಳಿಯದೆ ಅವನ ತಲೆ ಸವರಿದಳು.

ಊರಿನಲ್ಲಾದರೆ ಕೂಡಿಸಿ ಮಣ್ಣು ಕೊಡುತ್ತಾರೆ. ಇಲ್ಲಿ ಪೆಟ್ಟಿಗೆಯಲ್ಲಿ ಮಲಗಿಸಿಯೇ ಇಳಿಸಿದರು. ಕಮ್ಮಿಂಗಿನಿಂದ ನಾಲ್ಕು ಗಂಟೆ ಕಾರು ಓಡಿಸಿಕೊಂಡು ಶೇಷಾದ್ರಿ ಬಂದಿದ್ದ. ಎಲ್ಲ ಮುಗಿದ ಮೇಲೆ ಕರಬಸಪ್ಪನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದ.

"ಕೇಳಬಾರದು. ಆದ್ರೂ... ನಾನು ಹೇಳಿದ ಹಾಗೆ ಈಶಾನ್ಯ ಇಳಿಸಿದ್ರಾ?"

ಕರಬಸಪ್ಪ ಅವನ ಮುಖ ನೋಡಿದ. ಅತ್ತು ಕೆಂಪಾದ ಕಣ್ಣು, ಒಳ್ಳೆಯ ಮನುಷ್ಯ. ಹೌದೆಂದರೆ ಇವನೂ ಸಾಯುವ ತನಕ ಹೊರಬೇಕು. ಹೌದೆಂದರೆ ತಾನೂ ಜನರ ಮುಂದೆ ಬಾಯಿಬಿಟ್ಟು ಹೇಳಬೇಕು. ಕನಿಕರ ಎಷ್ಟು, ಹೇಡಿತನ ಎಷ್ಟು, ಅವನಿಗೇ ಗೊತ್ತಾಗಲಿಲ್ಲ.

"ಇಲ್ರಿ" ಎಂದ.

"ಛೆ. ಇಳಿಸಬೇಕಿತ್ತು ನೀವು. ಇಳಿಸಿದ್ರೆ ಇಷ್ಟು ಆಗ್ತಿರಲಿಲ್ಲ" ಎಂದು ಶೇಷಾದ್ರಿ ಕಣ್ಣೊರೆಸಿಕೊಂಡ.

ಆ ಮಾತು ಶೇಷಾದ್ರಿಯೊಡನೆ ಕಮ್ಮಿಂಗಿಗೆ ಹೋಯಿತು, ಅಲ್ಲಿಂದ ಕನ್ನಡ ಸಂಘದ ಊಟಗಳಿಗೆ ಹೋಯಿತು. ನಕ್ಕು ತಳ್ಳಿಹಾಕಿದ ಎಂಜಿನಿಯರು, ಸತ್ತ ಹೆಂಡತಿ. ಹೊಸ ಮನೆ ಕೊಳ್ಳುವವರೆಲ್ಲ ಕಿವಿಗೊಟ್ಟು ಕೇಳುವ ಕಥೆ. ಕರಬಸಪ್ಪ ಟ್ರೇಲರ್ ಮಾರಿ ಷಾರ್ಲೆಟ್ಟಿನಲ್ಲಿ ಒಂದು ಕೋಣೆ ಹಿಡಿದ. ಮಟ್ಟದ ಕೆಲಸ ಬಿಟ್ಟು ಆಫೀಸಿನ ಕಾಗದಪತ್ರದ ಕೆಲಸ ಕೇಳಿ ತೆಗೆದುಕೊಂಡ.

ಒಂದೂವರೆ ವರ್ಷದ ಮೇಲೆ ಹರ್ನ್‌ಡನ್ ಎಂಬ ಊರಿನಿಂದ ಒಂದು ಫೋನು ಬಂತು. ಇಂದು ಎಂಬ ಹುಡುಗಿ, ಬೆಂಗಳೂರಿನವಳು, ಗಂಡನ ಜೊತೆ ಹೊಸದಾಗಿ ಟೌನ್‌ಹೌಸ್, ಗೋಡೆಗೆ ಗೋಡೆ ತಾಗಿದ ಸಾಲುಮನೆ, ಕೊಂಡಿದ್ದಳು.

"ಅಂಕಲ್, ಡಿಸ್ಟರ್ಬ್ ಮಾಡ್ತಿದೀನಿ, ಸಾರಿ. ಶೇಷಾದ್ರಿ ಅಂಕಲ್ ನಿಮ್ಮ ವಿಷಯ ಹೇಳಿದ್ರು. ನನ್ನ ಹಸ್ಬೆಂಡ್ ಇದನ್ನೆಲ್ಲ ನಂಬ್ತಿರಲಿಲ್ಲ, ನಿಮ್ಮ ಕಥೆ ಕೇಳಿದ ಮೇಲೆ ಒಪ್ಕೊಂಡ್ರು. ಹಿಂದಿನ ಅಂಗಳದ ಪ್ಯಾಟಿಯೋ ನಾರ್ತ್‌ಈಸ್ಟ್ ಕಡೆ ಇಳಿಸ್ತಿದೀವಿ. ನಿಮಗೊಂದು ಥ್ಯಾಂಕ್ಸ್ ಹೇಳೋಣ ಅಂತ."

ಕರಬಸಪ್ಪ ಫೋನನ್ನು ಇನ್ನೊಂದು ಕಿವಿಗೆ ಹಿಡಿದ.

"ನಿಮ್ಮ ಮನ್ಯಾಗ ಯಾರಿಗರ ಶುಗರ್ ಐತೇನವ್ವಾ?"

"ಅತ್ತೆಗಿದೆ ಅಂಕಲ್. ನಮ್ಮ ಜೊತೇಲೇ ಇರ್ತಾರೆ. ಇನ್ಸುಲಿನ್ ತೊಗೋತಾರೆ. ಅದಕ್ಕೇ ಮೇನ್ ಆಗಿ ಮಾಡ್ತಿರೋದು. ಯಾಕೆ?"

"ಫ್ರಿಜ್ ಕರೆಂಟಿಂದು ಹೌದಲ್ಲ? ಗ್ಯಾಸಿಂದಲ್ಲಲ್ಲ?"

"ಕರೆಂಟ್‌ದೇ ಅಂಕಲ್. ಗ್ಯಾಸ್ ಫ್ರಿಜ್ ಅಂತ ಇರುತ್ತಾ?" ಹುಡುಗಿ ನಕ್ಕಳು.

"ಹಂಗಾರ ಏನೂ ಆಗಂಗಿಲ್ಲ" ಎಂದ ಕರಬಸಪ್ಪ. "ಇಳಸ್ರಿ."