ಗಿಲಾಸಿನಲ್ಲಿ ಸುಳಿನೊಣ

ಜೋಳದ ಎಲೆಯ ಅಡಿಯಲ್ಲಿ ಒಂದೇ ಒಂದು ಬಿಳಿ ಮೊಟ್ಟೆ, ಎಳ್ಳಿಗಿಂತ ಸಣ್ಣದು. ಪಕ್ಕದ ಸಸಿಯ ಒಣಗಿದ ಸುಳಿಯನ್ನು ಎಳೆದೆ. ಸಲೀಸಾಗಿ ಕೈಗೆ ಬಂತು. ಬುಡದ ತುದಿ ಕೊಳೆತು ನಾರುತ್ತಿತ್ತು.

ಸೇಡಂ ಹೈದರಾಬಾದ್ ರಾಜ್ಯದಲ್ಲಿದ್ದ ಕಾಲ. ನಾನು ಅಲ್ಲಿಯ ಹುಡುಗಿಯರ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಆ ಜೋಳದ ಹೊಲ ನನಗೆ ಕೋಣೆ ಕೊಟ್ಟಿದ್ದ ವಿಧವೆಯದು. ಆಕೆಗೆ ಎತ್ತುಗಳಿರಲಿಲ್ಲ. ಬೇರೆಯವರ ಹೊಲದಲ್ಲಿ ಕಳೆ ತೆಗೆದು, ಅದರ ಬದಲಿಗೆ ಅವರ ಎತ್ತು ಪಡೆಯುತ್ತಿದ್ದಳು. ಅವರ ಬಿತ್ತನೆ ಮುಗಿದ ಮೇಲೆಯೇ ಎತ್ತುಗಳು ಇವಳ ಕಡೆ ಬರುತ್ತಿದ್ದವು. ತಡವಾಗಿ ಬಿತ್ತಿದ ಜೋಳಕ್ಕೇ ಸುಳಿನೊಣದ ಕಾಟ ಹೆಚ್ಚು.

ಆಮೇಲೆ ಒಣಗಿದ ಸಸಿಗಳನ್ನೆಲ್ಲ ಕಿತ್ತು ಆಕೆ ಬದುವಿನ ಮೇಲೆ ಗುಡ್ಡೆ ಹಾಕಿದಳು. ಎಳೆ ಜೋಳ ತಿಂದರೆ ದನ ಸಾಯುತ್ತದೆಂದು ಯಾರೂ ಅದನ್ನು ಮನೆಗೆ ತರುವುದಿಲ್ಲ. ಉಳಿದ ಬೀಜವನ್ನು ಮತ್ತೆ ಬಿತ್ತುವುದು ಆಕೆಯ ಯೋಚನೆ. ಅದೂ ಹೋದರೆ ವರ್ಷದ ರೊಟ್ಟಿಯೇ ಹೋದಂತೆ.

ಆ ಗುಡ್ಡೆಯಿಂದ ಕೆಲವು ಸಸಿಗಳನ್ನು ತಂದು, ಗಾಜಿನ ಗಿಲಾಸಿನಲ್ಲಿ ಹಸಿ ಮಣ್ಣು ಹಾಕಿ ನೆಟ್ಟು, ಬಾಯಿಗೆ ಬಟ್ಟೆ ಕಟ್ಟಿದೆ. ಸಸಿಯೊಳಗಿದ್ದ ಕಾಲಿಲ್ಲದ ಹಳದಿ ಹುಳ ಬುಡದಲ್ಲಿ ಕೋಶ ಕಟ್ಟಿ ಕಂದು ಕಾಳಿನಂತಾಯಿತು. ಕೆಲವು ದಿನ ಬಿಟ್ಟು ನೋಡಿದರೆ ಬಟ್ಟೆಯ ಒಳಗೆ ಬೂದು ಬಣ್ಣದ ನೊಣ ಕುಳಿತಿತ್ತು. ನಾನು ಓದಿದ ಕಾಲೇಜಿನಲ್ಲಾಗಿದ್ದರೆ ಇದನ್ನು ನೋಡಲು ಭೂತಗನ್ನಡಿಗೆ ಗೆಳತಿಯರೊಡನೆ ಜಗಳವಾಗುತ್ತಿತ್ತು. ಇಲ್ಲಿ ನಾನೊಬ್ಬಳೇ ಎಷ್ಟು ಹೊತ್ತು ಬೇಕಾದರೂ ನೋಡಬಹುದಿತ್ತು.

ಸಂಜೆ ಗಿಲಾಸನ್ನು ಆಕೆಯ ಒಲೆಯ ಬಳಿ ಒಯ್ದೆ.

"ಇಷ್ಟ ಸಣ್ಣದು ನನ್ನ ಜ್ವಾಳ ತಿಂತೇನ್ರಿ ಅಕ್ಕೋರೆ?"

"ಇದಲ್ಲ ಕಾಕಿ, ಇದರ ಹುಳ. ಆ ಗುಡ್ಡಿಯಿಂದ ಇಂಥವು ಏಳಾಕತ್ತಾವ. ಮತ್ತ ಜ್ವಾಳ ಹಾಕಿದ್ರ ಅದಕ್ಕೂ ಬೀಳತಾವ. ಕಡ್ಲಿ ಹಾಕ್ರಿ, ಕಡ್ಲಿಗೆ ಇದು ಬರಂಗಿಲ್ಲ."

"ಕಡ್ಲಿ ರೊಟ್ಟಿ ಬಡೀಲಿಕ್ಕೆ ಬರ್ತದೇನ್ರಿ? ನಿಮಗೇನು, ಒಬ್ಬರು, ಒಂದ ರೊಟ್ಟಿ ಉಣ್ಣವರು."

ನಗಲು ನೋಡಿದೆ, ಆಗಲಿಲ್ಲ. ಆಕೆ ಗಿಲಾಸನ್ನು ಬೆಂಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

"ನಾಳೆ ಮಳಖೇಡದ ಸಂತಿಗೆ ಹೋಗಿ ಜ್ವಾಳದ ಬೀಜ ಕೊಟ್ಟು ಕಡ್ಲಿ ತರ್ತೀನಿ. ಸುಗ್ಗಿಗೆ ಕಡ್ಲಿ ಕೊಟ್ಟು ಜ್ವಾಳ ತಗೊಂಡ್ರಾತು. ನಿಮ್ಮ ಮಾತಿನ ಮ್ಯಾಲ ನೋಡ್ರಿ."

ಮರುದಿನ ನಾನೇಳುವಷ್ಟರಲ್ಲಿ ಆಕೆ ಹೊರಟುಹೋಗಿದ್ದಳು, ಒಲೆ ತಣ್ಣಗಿತ್ತು. ಸಲಿಕೆ ತೆಗೆದುಕೊಂಡು ಹೊಲಕ್ಕೆ ಹೋದೆ. ಬದುವಿನ ಪಕ್ಕ ಆಳವಾಗಿ ತೋಡಿ, ಗುಡ್ಡೆಯನ್ನೆಲ್ಲ ಒಳಗೆ ದೂಡಿ, ಇನ್ನೊಂದು ನೊಣ ಏಳದಂತೆ ಮಣ್ಣು ಮುಚ್ಚಿ ತುಳಿದೆ. ಆಮೇಲೆ ಕಾಲು ತೊಳೆದುಕೊಂಡು ಶಾಲೆಗೆ ಹೋದೆ.