ಕುಂಕುಮ ಇಟ್ಟ ಚಿಪ್

ಬೂದಿಕೋಟೆಯ ಕೋದಂಡಪ್ಪನಿಗೆ ತನ್ನ ಕೆಲಸದ ಮೇಲಿದ್ದ ಹೆಮ್ಮೆ ಸಣ್ಣದಲ್ಲ. ಊರಿಗಾಂನ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವನು ತಾನೊಬ್ಬನೇ ಎಂದು ಬಸ್ಸಿನಲ್ಲಿ ಗುರುತಿಲ್ಲದವರಿಗೂ ಹೇಳುತ್ತಿದ್ದ. ಆ ಹೆಮ್ಮೆಯೇ ಮುಂದೆ ಅವನ ಬಾಯಿ ಕಟ್ಟಿಹಾಕಿತು.

೧೯೮೭ರ ಮಾತು. ಗಣಿಯ ತಳದಲ್ಲಿ ನೀರೆತ್ತುವ ಪಂಪಿನ ಪಕ್ಕ ಒಂದು ಪೆಟ್ಟಿಗೆಯಿತ್ತು. ನೀರು ಇಳಿದೊಡನೆ ಪಂಪನ್ನು ನಿಲ್ಲಿಸುವ ಪ್ರೋಗ್ರಾಂ ಅದರೊಳಗಿನ ಚಿಪ್‌ನಲ್ಲಿ. ಅದು ಸರಿಯಾಗಿ ನಿಲ್ಲಿಸುತ್ತಿರಲಿಲ್ಲ. ಕೋದಂಡಪ್ಪ ಹೊಸ ಪ್ರೋಗ್ರಾಂ ಬರೆದು ಹೊಸ ಚಿಪ್‌ಗೆ ತುಂಬಿದ. ಕೆಳಗಿಳಿದು ಅದನ್ನು ಕೂರಿಸುವವನು ಬಂಗಾರಪೇಟೆಯ ಆರುಮುಗಂ, ಇಪ್ಪತ್ತು ವರ್ಷದಿಂದ ಅದೇ ಸೆಕ್ಷನ್ನಿನಲ್ಲಿದ್ದವನು. ಮೇಲಿಂದ ವೈರಿನ ಮೂಲಕ ಪರೀಕ್ಷಿಸುವುದು ಕೋದಂಡಪ್ಪನ ಪಾಲು.

ನಡುವೆ ಆಯುಧಪೂಜೆ ಬಂತು. ಸ್ಪ್ಯಾನರಿನಿಂದ ಹಿಡಿದು ಎಲ್ಲಕ್ಕೂ ಪೂಜೆ ಮಾಡುವ ಭಕ್ತಿಯಲ್ಲಿ ಕೋದಂಡಪ್ಪ, ಹೊಸ ಚಿಪ್ಪಿನದೂ ಹಳೆಯ ಪ್ರೋಗ್ರಾಂ ತುಂಬಿ ಬದಲಿಗೆಂದು ಇಟ್ಟಿದ್ದ ಚಿಪ್ಪಿನದೂ ಗುರುತು ಬರೆದಿದ್ದ ಕೊಳಕಾದ ಚೀಟಿ ಕಿತ್ತು, ಒರೆಸಿ, ಕುಂಕುಮವಿಟ್ಟ. ಹಬ್ಬ ಮುಗಿದ ಮೇಲೆ ಅವುಗಳಲ್ಲೊಂದನ್ನು ಆರುಮುಗಂ ಕೈಗೆ ಕೊಟ್ಟ.

ಕೆಳಗಿನಿಂದ ಫೋನ್ ಬಂತು. "ಇದರ ಮ್ಯಾಲೆ ಚೀಟಿ ಇಲ್ಲ ಕೋದಂಡಪ್ಪ, ಬರೀ ಕುಂಕುಮ ಐತೆ. ಒಸದಾ, ಅಳೇದಾ?"

"ನಾನು ಕೊಟ್ಟಿದ್ದು ಒಸದೇ ಕಣಣ್ಣ. ಸುಮ್ನೆ ಕೂರ್ಸು."

ನೀರಿನ ಮಟ್ಟ ಓದುವ ಜಾಗದಲ್ಲಿ ಪ್ರೋಗ್ರಾಂ ನಿಲ್ಲಲಿ, ಒಳಗೇನು ನಡೆದಿದೆಯೋ ನೋಡೋಣ ಎಂದು ಕೋದಂಡಪ್ಪ ಬ್ರೇಕ್‌ಪಾಯಿಂಟ್ ಹಾಕಿದ. ನಿಲ್ಲಲಿಲ್ಲ. ಜಾಗ ಬದಲಿಸಿದ. ಆಗಲೂ ಇಲ್ಲ. ವೈರ್ ನೋಡು, ಪ್ಲಗ್ಗು ನೋಡು ಎಂದು ಮೂರು ದಿನ ಆರುಮುಗಂನನ್ನು ಹತ್ತಿಸಿ ಇಳಿಸಿದ. ನಾಲ್ಕನೆಯ ದಿನ ಇಂಜಿನಿಯರ್ ಸಿಡುಕಿದಾಗ, "ಆರುಮುಗಂ ಚಿಪ್ ಬದ್ಲಾಯಿಸೇ ಇಲ್ಲ ಅನ್ಸುತ್ತೆ ಸಾರ್" ಎಂದುಬಿಟ್ಟ. ಕೊಟ್ಟಿದ್ದನ್ನೇ ಹಾಕಿದೆ ಎಂದ ಆರುಮುಗಂ ಮಾತು ನಡೆಯಲಿಲ್ಲ. ಅವನನ್ನು ಮಾರಿಕುಪ್ಪಂನಲ್ಲಿ ಮರದ ದಿಮ್ಮಿ ಹೊರುವ ಕೆಲಸಕ್ಕೆ ಹಾಕಿದರು.

ಮೊದಲ ದಿನವೇ ಮಾಡಬೇಕಾದ್ದನ್ನು ಕೋದಂಡಪ್ಪ ಐದನೆಯ ದಿನ ಮಾಡಿದ: ಚಿಪ್ಪಿನೊಳಗೆ ಇರುವುದನ್ನೇ ವೈರಿನಲ್ಲಿ ಓದಿಸಿ, ಕೈಯಲ್ಲಿದ್ದ ಹೊಸ ಪ್ರೋಗ್ರಾಮಿನ ಪ್ರಿಂಟಿನೊಂದಿಗೆ ತಾಳೆ ನೋಡಿದ. ತಾಳೆಯಾಗಲಿಲ್ಲ. ಹಳೆಯ ಪ್ರಿಂಟ್ ತೆಗೆದ. ಅಕ್ಷರಕ್ಷರವೂ ಹೊಂದಿತು. ಹೊಸ ಚಿಪ್ ಅವನ ಡ್ರಾಯರಿನಲ್ಲೇ ಕುಂಕುಮ ಇಟ್ಟುಕೊಂಡು ಮಲಗಿತ್ತು. ಹಳೆಯದರಲ್ಲಿ ಇಲ್ಲದ ಜಾಗದಲ್ಲಿ ಬ್ರೇಕ್‌ಪಾಯಿಂಟ್ ಹಾಕಿದರೆ ಪ್ರೋಗ್ರಾಂ ಎಲ್ಲಿಂದ ನಿಂತೀತು? ಹೊಸ ಚಿಪ್ ಕೂರಿಸಿದೊಡನೆ ಎಲ್ಲವೂ ಸರಿಹೋಯಿತು. ಇಂಜಿನಿಯರ್ ಬೆನ್ನು ತಟ್ಟಿದರು. ಬಾಯಿ ಬಿಡಲು ಅದೇ ಹೊತ್ತಾಗಿತ್ತು. ಬಿಡಲಿಲ್ಲ.

ಅಂದಿನಿಂದ ಸಂಜೆಯ ರೈಲಿಗೆ ಆರುಮುಗಂ ಮಾರಿಕುಪ್ಪಂನಲ್ಲಿ ಹತ್ತಿ, ಪಕ್ಕದಲ್ಲಿ ಟವೆಲ್ ಹಾಸಿ ಕೋದಂಡಪ್ಪನಿಗೆ ಜಾಗ ಹಿಡಿಯುತ್ತಿದ್ದ. ಕೋದಂಡಪ್ಪ ಊರಿಗಾಂನಲ್ಲಿ ಹತ್ತಿ ಕೂರುತ್ತಿದ್ದ, ಮಳೆ ಬಿಸಿಲಿನ ಮಾತಾಡುತ್ತಿದ್ದ. ದಿಮ್ಮಿ ಹೊತ್ತು ಗಾಯವಾದ ಭುಜ ಪಕ್ಕದಲ್ಲೇ ಇರುತ್ತಿತ್ತು. ನಾಚಿಕೆಯಾಗುತ್ತಿತ್ತು. ಆದರೂ ನಿಜ ಹೇಳದೆಯೇ ನಾಲ್ಕು ವರ್ಷ ಕಳೆಯಿತು.

ಆರುಮುಗಂ ನಿವೃತ್ತನಾದ ದಿನ, ಸಂಜೆಯ ರೈಲಿನಲ್ಲಿ ಅವನ ಕೊರಳಲ್ಲಿ ಹಾರವಿತ್ತು. ಕೋದಂಡಪ್ಪ ತಲೆ ತಗ್ಗಿಸಿ ಹೇಳಿದ: "ಅಣ್ಣ, ಅವತ್ತು ನಾನೇ ಅಳೇ ಚಿಪ್ ಕೊಟ್ಟಿದ್ದೆ."

"ಗೊತ್ತು. ಚೀಟಿ ಕಿತ್ತೋನು ನೀನೂಂತ ಸಾಹೇಬ್ರಿಗೆ ಏಳ್ಬೋದಾಗಿತ್ತು. ನೀನೇ ಏಳ್ತೀಯಾಂತ ಬಿಟ್ಟೆ. ದಿನಾ ಪಕ್ಕದಲ್ಲಿ ಜಾಗ ಇಟ್ಟಿದ್ದು ಅದಕ್ಕೇ."

ಬಂಗಾರಪೇಟೆ ಬಂತು. ಆರುಮುಗಂ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಇಳಿದ. ಮಾರನೆಯ ದಿನ ಕೋದಂಡಪ್ಪ ನಿಜ ಹೇಳಲೆಂದು ಆಫೀಸಿಗೆ ಹೋದ. ಅಂದು ಬೆನ್ನು ತಟ್ಟಿದ ಇಂಜಿನಿಯರ್ ವರ್ಗವಾಗಿ ಆಗಲೇ ಎರಡು ವರ್ಷವಾಗಿತ್ತು, ಅದು ಅವನಿಗೂ ಗೊತ್ತಿತ್ತು.